ನೋಡಲು ಹೋದವರು ಮಾಡಲು ಕೂತಾಗ: ಭಾವಿ ಶಿಕ್ಷಕರ ಒಂದು ಮಲ್ಟಿಮೀಡಿಯಾ ಕ್ಷೇತ್ರ ಭೇಟಿಯ ಪ್ರಕರಣ

ಇದು ಒಂದು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ನಡೆದದ್ದು. ಕಾಲೇಜಿನ ಹೆಸರು, ನಾವು ಹೋದ ಸಂಸ್ಥೆಯ ಹೆಸರು, ವಿದ್ಯಾರ್ಥಿಗಳ ಹೆಸರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಯಾರನ್ನಾದರೂ ಗುರುತಿಸಬಹುದು ಅನ್ನಿಸಿದ ಕಡೆ ಸಣ್ಣಪುಟ್ಟ ವಿವರಗಳನ್ನೂ ಬದಲಿಸಿದ್ದೇನೆ. ನಾನು ತಂಡದ ಜೊತೆ ಹೋಗಿದ್ದ ಉಪನ್ಯಾಸಕರಲ್ಲಿ ಒಬ್ಬಳು. ಯೋಜನೆ ಹಾಕಿದವರು, ಮುಖ್ಯ ತೀರ್ಮಾನ ತೆಗೆದುಕೊಂಡವರು ನಮ್ಮ ಸಂಯೋಜಕಿ. ಭಾವಿ ಶಿಕ್ಷಕರನ್ನು ಮಲ್ಟಿಮೀಡಿಯಾ ನೋಡಲು ಕರೆದುಕೊಂಡು ಹೋಗುವ ಯೋಚನೆ ನಿಮಗೂ ಇದ್ದರೆ, ಆ ದಿನ ಯಾವ ಜಾಗದಲ್ಲಿ ಏನು ತಿರುಗಿತು ಅನ್ನುವುದು ಉಪಯೋಗಕ್ಕೆ ಬರಬಹುದು.

ಹಿನ್ನೆಲೆ

ಈ ಕಾಲೇಜಿನಲ್ಲಿ ಬೋಧನಾಭ್ಯಾಸಕ್ಕೆ ಶಾಲೆಗಳಿಗೆ ಹೋಗುವ ಮೊದಲು ಪ್ರತಿ ತಂಡವನ್ನೂ ಒಂದು ಶೈಕ್ಷಣಿಕ ಮಾಧ್ಯಮ ಕೇಂದ್ರಕ್ಕೆ ಕರೆದುಕೊಂಡು ಹೋಗುವುದು ವಾಡಿಕೆ. ಅಲ್ಲಿ ಧ್ವನಿಮುದ್ರಣದ ಕೋಣೆ ಇದೆ, ವಿಡಿಯೋ ಸ್ಟುಡಿಯೋ ಇದೆ, ಎಡಿಟಿಂಗ್ ಕೋಣೆ ಮತ್ತು ಸಣ್ಣ ಅನಿಮೇಷನ್ ವಿಭಾಗವೂ ಇದೆ. ಬೆಳಿಗ್ಗೆ ಅದನ್ನೆಲ್ಲ ಸುತ್ತಿ ನೋಡುವುದು, ಮಧ್ಯಾಹ್ನ ಮುಟ್ಟಿ ಆಡಿಸಿ ಕಲಿಯುವ ವಿಜ್ಞಾನ ಗ್ಯಾಲರಿಗೆ ಹೋಗುವುದು, ವಾಪಸ್ ಬಂದು ವರದಿ ಬರೆಯುವುದು. ಕಾರ್ಯಕ್ರಮ ಇಷ್ಟೇ.

ವರದಿಗಳು ಎಲ್ಲ ಒಂದೇ ಥರ ಇರುತ್ತಿದ್ದವು. ಕ್ಯಾಮೆರಾಗಳ ಹೆಸರು, ಲೈಟ್‌ಗಳ ಹೆಸರು, ಒಂದು ಗುಂಪು ಫೋಟೋ, ಕೊನೆಗೆ "ಭೇಟಿ ಬಹಳ ಉಪಯುಕ್ತವಾಗಿತ್ತು" ಅನ್ನುವ ಸಾಲು. ಅದೇ ವಿದ್ಯಾರ್ಥಿಗಳು ಮುಂದೆ ಶಾಲೆಯಲ್ಲಿ ಪಾಠ ಮಾಡುವಾಗ ನೋಡಿದರೆ, ಪಠ್ಯಪುಸ್ತಕದ ಪ್ಯಾರಾ ಹಾಗೇ ಸ್ಲೈಡಿಗೆ ಬಂದಿರುತ್ತಿತ್ತು, ಅವರು ಮಕ್ಕಳಿಗೆ ಬೆನ್ನು ತೋರಿಸಿ ಅದನ್ನು ಓದುತ್ತಿದ್ದರು. ಸ್ಟುಡಿಯೋ ನೋಡಿ ಬಂದದ್ದಕ್ಕೂ ಈ ಪಾಠಕ್ಕೂ ಸಂಬಂಧವೇ ಇರಲಿಲ್ಲ.

ತೊಡಕು

ಸ್ಲೈಡಿನಲ್ಲಿ ಇರುವುದನ್ನೇ ಓದುವುದು ಸುಮ್ನೆ ಬೇಜಾರಿನ ವಿಷಯ ಅಲ್ಲ, ಅದು ಕಲಿಕೆಗೇ ಅಡ್ಡ ಬರುತ್ತದೆ. ಮನಶ್ಶಾಸ್ತ್ರಜ್ಞ ಅಲನ್ ಪೈವಿಯೊ 1971ರಲ್ಲೇ ಹೇಳಿದ್ದು ಇದು: ನಾವು ಮಾತನ್ನು ಒಂದು ದಾರಿಯಲ್ಲಿ, ಚಿತ್ರವನ್ನು ಇನ್ನೊಂದು ದಾರಿಯಲ್ಲಿ ಮನಸ್ಸಿಗೆ ತೆಗೆದುಕೊಳ್ಳುತ್ತೇವೆ. ಜಾನ್ ಸ್ವೆಲ್ಲರ್ 1988ರಲ್ಲಿ ಕಲಿಯುವವರ ಮನಸ್ಸಿನ ಮೇಲೆ ಬೀಳುವ ಹೊರೆಯ ಬಗ್ಗೆ ಬರೆದರು. ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ, ಬೇಡದ್ದು ತುಂಬಿದರೆ ಬೇಕಾದದ್ದಕ್ಕೆ ಜಾಗ ಉಳಿಯುವುದಿಲ್ಲ. ಈ ಎರಡನ್ನೂ ಜೋಡಿಸಿ ವರ್ಷಗಟ್ಟಲೆ ಪ್ರಯೋಗ ಮಾಡಿದವರು ರಿಚರ್ಡ್ ಮೇಯರ್. ಚಿತ್ರದ ಜೊತೆ ಮಾತು ಇದ್ದಾಗ ಅದೇ ಮಾತನ್ನು ಅಕ್ಷರದಲ್ಲೂ ತುಂಬಿದರೆ ಕಲಿಕೆ ಕುಗ್ಗುತ್ತದೆ, ಬೇಡದ ಸಂಗೀತ ಅಲಂಕಾರ ತೆಗೆದರೆ ಹಿಗ್ಗುತ್ತದೆ ಅನ್ನುವುದು ಅವರು ಕಂಡುಕೊಂಡ ಮುಖ್ಯ ಸಂಗತಿಗಳಲ್ಲಿ ಸೇರಿದೆ.

ನಮ್ಮ ವಿದ್ಯಾರ್ಥಿಗಳಿಗೆ ಇದೆಲ್ಲ ಗೊತ್ತಿತ್ತು. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುತ್ತಿದ್ದರು. ಆದರೆ ಪಾಠಕ್ಕೆ ಕೂತಾಗ ಅದು ಕೈಗೆ ಬರುತ್ತಿರಲಿಲ್ಲ. ಭೇಟಿ ಈ ಅಂತರವನ್ನು ತುಂಬಬೇಕಿತ್ತು, ಆದರೆ ಅದು ಯಂತ್ರಗಳ ಪರಿಚಯದ ಹತ್ತಿರವೇ ನಿಂತುಹೋಗುತ್ತಿತ್ತು.

ಹೊರಡುವ ಮೊದಲು

ಈ ಸಲ ಸಂಯೋಜಕಿ ತಯಾರಿಯನ್ನು ಬೇರೆ ಥರ ಮಾಡಿದರು. ಕ್ಷೇತ್ರ ಭೇಟಿಗಳ ಬಗ್ಗೆ ನಿರ್ ಓರಿಯನ್ ಮತ್ತು ಅವಿ ಹಾಫ್‌ಸ್ಟೈನ್ 1994ರಲ್ಲಿ ಮಾಡಿದ ಅಧ್ಯಯನ ಒಂದಿದೆ. ಅವರು ಶಾಲಾ ಮಕ್ಕಳನ್ನು ಹೊರಾಂಗಣಕ್ಕೆ ಕರೆದುಕೊಂಡು ಹೋಗಿ ನೋಡಿದ್ದು, ಆದರೂ ನಮಗೆ ಚೆನ್ನಾಗಿ ಹೊಂದುತ್ತದೆ. ಜಾಗ ಹೊಸದು, ವಿಷಯ ಹೊಸದು, ಆ ದಿನ ಏನು ನಡೆಯುತ್ತದೆ ಅನ್ನುವುದೂ ಗೊತ್ತಿಲ್ಲ ಅಂದರೆ, ಆ ಹೊಸತನಕ್ಕೆ ಒಗ್ಗಿಕೊಳ್ಳುವುದರಲ್ಲೇ ಹೊತ್ತು ಕಳೆದುಹೋಗುತ್ತದೆ. ಮೊದಲೇ ಅದನ್ನು ಕಡಿಮೆ ಮಾಡಿದರೆ ಕಲಿಕೆಗೆ ಜಾಗ ಸಿಗುತ್ತದೆ.

ಹಾಗಾಗಿ ಕೇಂದ್ರದ ನಕ್ಷೆ, ಕೋಣೆಗಳ ಫೋಟೋ, ದಿನದ ವೇಳಾಪಟ್ಟಿ ಎಲ್ಲವನ್ನೂ ಒಂದು ವಾರ ಮೊದಲೇ ಹಂಚಿದೆವು. ವಿದ್ಯಾರ್ಥಿಗಳನ್ನು ಗುಂಪು ಮಾಡಿ, ತಾವು ಮುಂದೆ ಕಲಿಸಲಿರುವ ಒಂದು ಕಷ್ಟದ ಪಾಠವನ್ನು ಆರಿಸಿಕೊಳ್ಳಲು ಹೇಳಿದೆವು. ಒಂದು ಗುಂಪು ಚಂದ್ರ ದಿನದಿಂದ ದಿನಕ್ಕೆ ಬೇರೆ ಬೇರೆಯಾಗಿ ಕಾಣುವುದನ್ನು ಆರಿಸಿತು. ಇನ್ನೊಂದು ಎಲೆ ಆಹಾರ ತಯಾರಿಸುವುದನ್ನು, ಮತ್ತೊಂದು ಭಿನ್ನರಾಶಿಯ ಭಾಗಾಕಾರವನ್ನು, ನಾಲ್ಕನೆಯದು ಕವಿತೆ ಓದುವುದನ್ನು. ಇನ್ನುಳಿದವರ ಪಾಠಗಳ ಬಗ್ಗೆ ಇಲ್ಲಿ ಹೇಳುವುದಿಲ್ಲ, ಈ ನಾಲ್ಕರಲ್ಲೇ ಹೇಳುವುದು ಬೇಕಾದಷ್ಟಿದೆ.

ಪ್ರತಿ ಗುಂಪಿಗೂ ಒಂದು ಪ್ರಶ್ನೆ ಕೊಟ್ಟಿದ್ದೆವು. ಈ ಪಾಠದಲ್ಲಿ ಪುಸ್ತಕ ಮತ್ತು ಕಪ್ಪು ಹಲಗೆ ತೋರಿಸಲಾರದ್ದು ಏನು? ಅರ್ಧ ಪುಟ ಬರೆದು ತರಬೇಕಿತ್ತು. ಬಂದ ಉತ್ತರಗಳು ತೆಳುವಾಗಿದ್ದವು. "ವಿಡಿಯೋ ಇದ್ದರೆ ಮಕ್ಕಳಿಗೆ ಆಸಕ್ತಿ ಬರುತ್ತದೆ" ಅನ್ನುವ ಮಾತೇ ಹೆಚ್ಚಿನ ಹಾಳೆಗಳಲ್ಲಿ ಇತ್ತು. ಸಂಯೋಜಕಿ ಅವುಗಳನ್ನು ತಿದ್ದದೆ ಹಾಗೇ ಇಟ್ಟುಕೊಂಡರು. ತಿದ್ದಿದರೆ ನಮ್ಮ ಉತ್ತರ ಅವರ ಬಾಯಲ್ಲಿ ಬರುತ್ತದೆ, ಅಷ್ಟೇ ಅಲ್ವಾ?

ಆ ದಿನ, ಮಧ್ಯಾಹ್ನದವರೆಗೆ

ತಯಾರಿ ಇಷ್ಟಿದ್ದರೂ ಬೆಳಗಿನ ಹೊತ್ತು ಹಿಂದಿನ ಭೇಟಿಗಳ ಹಾದಿಯನ್ನೇ ಹಿಡಿಯಿತು. ನಾಲ್ಕೈದು ಜನ ಕೂತು ಕೆಲಸ ಮಾಡುವ ಎಡಿಟಿಂಗ್ ಕೋಣೆಗೆ ಮೂವತ್ತಕ್ಕೂ ಹೆಚ್ಚು ಜನ ನುಗ್ಗಿದರೆ ಮುಂದಿನ ಸಾಲಿಗೆ ಮಾತ್ರ ಪರದೆ ಕಾಣಿಸುತ್ತದೆ. ಹಿಂದಿನವರು ಫೋನ್ ತೆಗೆದರು. ವಿವರಿಸುತ್ತಿದ್ದ ಕೇಂದ್ರದ ಸಿಬ್ಬಂದಿ ಒಳ್ಳೆಯವರು, ತಮ್ಮ ಕೆಲಸದ ಮೇಲೆ ಪ್ರೀತಿ ಇದ್ದವರು, ಆದರೆ ಅವರು ವಿವರಿಸುತ್ತಿದ್ದದ್ದು ಯಂತ್ರವನ್ನು.

ಧ್ವನಿ ಕೋಣೆಯಲ್ಲಿ ಮೊದಲ ಸಲ ಎಲ್ಲರೂ ಕಿವಿಗೊಟ್ಟರು. ಅಲ್ಲಿನ ತಂತ್ರಜ್ಞರು ಕವಿತೆ ಗುಂಪಿನ ಒಬ್ಬಳನ್ನು ಕರೆದು ಅದೇ ನಾಲ್ಕು ಸಾಲನ್ನು ಎರಡು ಸಲ ಓದಿಸಿದರು. ಒಮ್ಮೆ ಹೊರಗಿನ ದೊಡ್ಡ ಹಾಲಿನಲ್ಲಿ ಫೋನನ್ನು ಮೇಜಿನ ಆ ತುದಿಯಲ್ಲಿಟ್ಟು, ಇನ್ನೊಮ್ಮೆ ಅದೇ ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿಟ್ಟು. ದೂರ ಎರಡರಷ್ಟಾದಾಗ ಧ್ವನಿ ಸುಮಾರು 6 ಡೆಸಿಬಲ್ ಕುಗ್ಗುತ್ತದೆ, ಆದರೆ ಗೋಡೆಗಳಿಂದ ವಾಪಸ್ ಬರುವ ಸದ್ದು ಅಷ್ಟೊಂದು ಕುಗ್ಗುವುದಿಲ್ಲ, ಅದಕ್ಕೇ ದೂರದ ಧ್ವನಿ ಕಲಸಿಹೋಗುತ್ತದೆ. ಎರಡನ್ನೂ ಒಂದರ ಹಿಂದೊಂದು ಕೇಳಿಸಿದಾಗ ಯಾರಿಗೂ ವಿವರಣೆ ಬೇಕಾಗಲಿಲ್ಲ. ಬೆಲೆ ಬಾಳುವ ಮೈಕ್ ಇಲ್ಲದೆಯೂ ಸರಿ ಮಾಡಬಹುದಾದ ವಿಷಯ ಇದು ಅಂತ ಅಲ್ಲೇ ಗೊತ್ತಾಯಿತು.

ದಿನ ತಿರುಗಿದ್ದು ಮಾತ್ರ ಅದಾದ ಸ್ವಲ್ಪ ಹೊತ್ತಿಗೆ. ಚಂದ್ರನ ಗುಂಪು ತಾವು ಬರೆದು ತಂದಿದ್ದ ಸ್ಕ್ರಿಪ್ಟನ್ನು ಎಡಿಟರ್‌ಗೆ ತೋರಿಸಿತು. ಅವರು ಮೊದಲ ಪ್ಯಾರಾ ಓದಿ ಕೇಳಿದ್ದು ಒಂದೇ ಮಾತು. "ಈ ವಾಕ್ಯ ಕೇಳ್ತಾ ಇರುವಾಗ ಮಗು ಏನನ್ನ ನೋಡ್ತಾ ಇರಬೇಕು?" ಗುಂಪು ಸುಮ್ಮನಾಯಿತು. ಎರಡನೇ ವಾಕ್ಯಕ್ಕೂ ಅದೇ ಪ್ರಶ್ನೆ, ಅದೇ ಮೌನ. ಸ್ಕ್ರಿಪ್ಟಿನಲ್ಲಿ ಮಾತಷ್ಟೇ ಇತ್ತು, ನೋಟ ಇರಲೇ ಇಲ್ಲ. ಹಿಂದೆ ನಿಂತಿದ್ದ ಬೇರೆ ಗುಂಪಿನವರು ತಮ್ಮ ಹಾಳೆಗಳನ್ನು ತೆಗೆದು ನೋಡಿಕೊಳ್ಳಲು ಶುರು ಮಾಡಿದರು.

ತೀರ್ಮಾನ

ಊಟದ ಹೊತ್ತಿಗೆ ಸಂಯೋಜಕಿ ವಿಜ್ಞಾನ ಗ್ಯಾಲರಿಯ ಭೇಟಿಯನ್ನು ಕೈಬಿಟ್ಟರು. ಉಳಿದ ಹೊತ್ತು ಇಲ್ಲೇ ಕೂತು ಪ್ರತಿ ಗುಂಪೂ ತನ್ನ ಪಾಠದ ಒಂದು ತುಣುಕು ಮಾಡಬೇಕು ಅಂದರು.

ಇದು ಸುಲಭವಾಗಿ ಆಗಲಿಲ್ಲ. ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನಕ್ಕೆ ಗ್ಯಾಲರಿಯ ಆಸೆ ಇತ್ತು, ಅವರು ಬಾಯಿಬಿಟ್ಟೇ ಹೇಳಿದರು. ಜೊತೆಗಿದ್ದ ಇನ್ನೊಬ್ಬ ಉಪನ್ಯಾಸಕರು, ವರದಿಯಲ್ಲಿ ಎರಡು ಜಾಗ ಇರಬೇಕು ಅಂತ ನಿಯಮ ಇದೆಯಲ್ಲ ಅಂದರು. ಅವರ ಮಾತಿನಲ್ಲೂ ನ್ಯಾಯ ಇತ್ತು, ಯಾಕೆಂದರೆ ಗ್ಯಾಲರಿಯಲ್ಲಿ ಕಲಿಯುವುದು ಕಡಿಮೆ ಏನಿರಲಿಲ್ಲ. ಕೇಂದ್ರದವರಿಗೆ ಉಪಕರಣಗಳ ಚಿಂತೆ. ಕೊನೆಗೆ ಒಪ್ಪಿದ ದಾರಿ ಇದು: ಚಿತ್ರ ತೆಗೆಯುವುದು ವಿದ್ಯಾರ್ಥಿಗಳ ಸ್ವಂತ ಫೋನಿನಲ್ಲಿ, ಕೇಂದ್ರದಿಂದ ಬಣ್ಣದ ಪರದೆ, ದೀಪ ಮತ್ತು ಒಂದು ಕಂಪ್ಯೂಟರ್ ಮಾತ್ರ, ಸಿಬ್ಬಂದಿ ಸಲಹೆ ಕೊಡುತ್ತಾರೆ ಆದರೆ ಕೈ ಹಾಕುವುದಿಲ್ಲ. ಈ ಕೊನೆಯ ಷರತ್ತು ಉಪಕರಣ ಕಾಪಾಡಲು ಹುಟ್ಟಿದ್ದು, ಆದರೆ ಕಲಿಕೆಗೆ ಅದೇ ಎಲ್ಲಕ್ಕಿಂತ ಜಾಸ್ತಿ ನೆರವಾಯಿತು ಅಂತ ನನ್ನ ನಂಬಿಕೆ. ಪರಿಣತರು ಮಾಡಿಕೊಟ್ಟಿದ್ದರೆ ಚೆಂದದ ತುಣುಕು ಸಿಗುತ್ತಿತ್ತು, ಆದರೆ ವಿದ್ಯಾರ್ಥಿಗಳು ಮತ್ತೆ ನೋಡುವವರಾಗಿಯೇ ಉಳಿಯುತ್ತಿದ್ದರು.

ಮಾಡುವಾಗ ಏನಾಯಿತು

ಚಂದ್ರನ ಗುಂಪು ಕತ್ತಲೆ ಮಾಡಿದ ಕೋಣೆಯಲ್ಲಿ ಒಂದು ದೀಪವನ್ನು ಸೂರ್ಯ ಮಾಡಿತು, ಬಿಳಿ ಚೆಂಡನ್ನು ಚಂದ್ರ ಮಾಡಿತು. ಸ್ಟೂಲಿನ ಮೇಲಿಟ್ಟ ಫೋನು ಭೂಮಿಯಲ್ಲಿ ನಿಂತ ಮಗುವಿನ ಕಣ್ಣು. ಒಬ್ಬ ಚೆಂಡು ಹಿಡಿದು ಸ್ಟೂಲಿನ ಸುತ್ತ ನಡೆಯಬೇಕು, ಫೋನು ಅವನ ಕಡೆ ತಿರುಗುತ್ತಾ ಇರಬೇಕು. ಹುಣ್ಣಿಮೆಯ ಜಾಗಕ್ಕೆ ಬಂದಾಗ ತೊಂದರೆ ಶುರುವಾಯಿತು. ಸ್ಟೂಲು ಮತ್ತು ಫೋನಿನ ನೆರಳು ಚೆಂಡಿನ ಮೇಲೆ ಬಿದ್ದು ಚೆಂಡು ಕಪ್ಪಾಯಿತು. ಹುಣ್ಣಿಮೆ ಆಗಬೇಕಾದ ಕಡೆ ಗ್ರಹಣ!

ಗುಂಪಿನಲ್ಲಿ ವಾದ ಹತ್ತಿತು. ಚಂದ್ರ ಚಿಕ್ಕದಾಗುತ್ತಾ ಹೋಗುವುದು ಭೂಮಿಯ ನೆರಳಿನಿಂದ ಅಂತ ಅವರಲ್ಲೇ ಕೆಲವರು ಇಷ್ಟು ವರ್ಷ ನಂಬಿಕೊಂಡಿದ್ದರು. ನೆರಳು ಬಿದ್ದದ್ದು ಹುಣ್ಣಿಮೆಯ ಜಾಗದಲ್ಲಿ ಮಾತ್ರ, ಅರ್ಧ ಚಂದ್ರ ಕಾಣುವ ಜಾಗದಲ್ಲಿ ಚೆಂಡಿನ ಮೇಲೆ ಯಾವ ನೆರಳೂ ಇರಲಿಲ್ಲ. ಹಾಗಾದರೆ ಅರ್ಧ ಕಾಣುವುದು ನೆರಳಿನಿಂದ ಅಲ್ಲ. ಚೆಂಡಿನ ಅರ್ಧಕ್ಕೆ ಯಾವಾಗಲೂ ಬೆಳಕು ಇರುತ್ತದೆ, ನಾವು ನಿಂತ ಜಾಗದಿಂದ ಅದರಲ್ಲಿ ಎಷ್ಟು ಕಾಣುತ್ತದೆ ಅನ್ನುವುದಷ್ಟೇ ಬದಲಾಗುತ್ತದೆ. ಮತ್ತೆ ಹುಣ್ಣಿಮೆ ಹುಣ್ಣಿಮೆಗೂ ಗ್ರಹಣ ಯಾಕಿಲ್ಲ? ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಚೆಂಡನ್ನು ಸ್ವಲ್ಪ ಮೇಲೆತ್ತಿ ಹಿಡಿದಾಗ ಅದು ಪೂರ್ತಿ ಬೆಳಗಿತು. ಈ ಹೊತ್ತಿನಲ್ಲಿ ಅಲ್ಲಿ ನಡೆದದ್ದು ವಿಡಿಯೋ ತರಬೇತಿ ಅಲ್ಲ, ವಿಜ್ಞಾನದ ಕಲಿಕೆ. ಪುನ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಶಿಕ್ಷಕರಿಗೆ ವಿಷಯ, ಕಲಿಸುವ ರೀತಿ, ತಂತ್ರಜ್ಞಾನ ಮೂರೂ ಒಂದರೊಳಗೊಂದು ಬೆರೆತ ತಿಳಿವಳಿಕೆ ಬೇಕು ಅಂತ ಬರೆದದ್ದನ್ನು ನಾನು ತರಗತಿಯಲ್ಲಿ ಮೂರು ವೃತ್ತ ಹಾಕಿ ಕಲಿಸುತ್ತೇನೆ. ಅವು ಬೆರೆಯುವುದನ್ನು ಕಣ್ಣಾರೆ ನೋಡಿದ್ದು ಆ ಕತ್ತಲೆ ಕೋಣೆಯಲ್ಲಿ.

ಎಡಿಟಿಂಗ್‌ನಲ್ಲಿ ಇನ್ನೊಂದು ಪಾಠ. ಇನ್ನೊಂದು ಫೋನಿನಲ್ಲಿ ಮೇಲಿಂದ ತೆಗೆದ ಚಿತ್ರವೂ ಇತ್ತು. ಮೊದಲು ಒಂದಾದ ಮೇಲೆ ಒಂದು ಇಟ್ಟರು. ಎಡಿಟರ್ ಹಳೇ ಪ್ರಶ್ನೆಯನ್ನೇ ಕೇಳಿದಾಗ ಎರಡನ್ನೂ ಒಂದೇ ಪರದೆಯಲ್ಲಿ ಪಕ್ಕಪಕ್ಕ ಇಟ್ಟರು. ಮೇಲಿಂದ ನೋಡಿದರೆ ಚಂದ್ರ ಎಲ್ಲಿದ್ದಾನೆ, ಭೂಮಿಯಿಂದ ನೋಡಿದರೆ ಹೇಗೆ ಕಾಣುತ್ತಾನೆ, ಎರಡೂ ಒಟ್ಟಿಗೆ. ಪುಸ್ತಕ ತೋರಿಸಲಾರದ್ದು ಇದೇ ಅಂತ ಅವರೇ ಹೇಳಿದರು. ಆಮೇಲೆ ಹಿನ್ನೆಲೆ ಸಂಗೀತ ಹೋಯಿತು, ರಾಕೆಟ್ ಹಾರುವ ಶುರುವಿನ ದೃಶ್ಯ ಹೋಯಿತು, ಮುನ್ನುಡಿ ಹೋಯಿತು. ಉಳಿದದ್ದು ಮೂರು ನಿಮಿಷಕ್ಕಿಂತ ಕಡಿಮೆ. ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕಲಿಕೆಯ ತಾಣದ ಕೋರ್ಸ್‌ಗಳ 69 ಲಕ್ಷ ವಿಡಿಯೋ ವೀಕ್ಷಣೆಗಳನ್ನು ಫಿಲಿಪ್ ಗುವೊ ಮತ್ತು ಜೊತೆಗಾರರು 2014ರಲ್ಲಿ ಪರಿಶೀಲಿಸಿದಾಗ, 6 ನಿಮಿಷ ದಾಟಿದ ವಿಡಿಯೋಗಳಲ್ಲಿ ಜನ ಕೊನೆತನಕ ಉಳಿಯುವುದು ಕಡಿಮೆ ಅಂತ ಕಂಡಿತ್ತು. ಅವರು ದೊಡ್ಡವರು, ತಾವಾಗಿ ಕಲಿಯಲು ಬಂದವರು. ಶಾಲೆಯ ಮಕ್ಕಳಿಗೆ ಇನ್ನೂ ಚಿಕ್ಕದಿದ್ದರೇ ಒಳ್ಳೆಯದು.

ಎಲೆ ಗುಂಪು ಹಸಿರು ಪರದೆಯ ಮುಂದೆ ಒಂದು ಕೊಂಬೆ ಹಿಡಿದು ನಿಂತಿತು. ಹಿಂದಿನ ಬಣ್ಣ ತೆಗೆದು ಅಲ್ಲಿ ಬೇರೆ ಚಿತ್ರ ಕೂರಿಸುವುದಕ್ಕೆ ಈ ಪರದೆ. ಕಂಪ್ಯೂಟರಿನಲ್ಲಿ ಪರದೆಯ ಬಣ್ಣ ತೆಗೆದಾಗ ಎಲೆಗಳೂ ಮಾಯವಾದವು, ಕಡ್ಡಿಗಳಷ್ಟೇ ಗಾಳಿಯಲ್ಲಿ ಉಳಿದವು. ಕಂಪ್ಯೂಟರಿಗೆ ಗೊತ್ತಿರುವುದು ಬಣ್ಣ ಮಾತ್ರ, ಇದು ಎಲೆ ಇದು ಬಟ್ಟೆ ಅಂತ ಅದಕ್ಕೆ ತಿಳಿಯುವುದಿಲ್ಲ. ಹಸಿರನ್ನು ಬಳಸುವುದು ಅದು ಚರ್ಮದ ಬಣ್ಣದಿಂದ ದೂರ ಇರುವುದರಿಂದ, ಜೊತೆಗೆ ಹೆಚ್ಚಿನ ಡಿಜಿಟಲ್ ಕ್ಯಾಮೆರಾಗಳ ಸೆನ್ಸಾರಿನಲ್ಲಿ ಅರ್ಧದಷ್ಟು ಚುಕ್ಕಿಗಳು ಹಸಿರನ್ನೇ ಹಿಡಿಯುವುದರಿಂದ. ನೀಲಿ ಬಟ್ಟೆ ಹಾಕಿದರು, ಸರಿಯಾಯಿತು. ಆದರೆ ಆ ತಡೆ ಒಳ್ಳೆಯದೇ ಮಾಡಿತು. ಬಟ್ಟೆ ಬದಲಿಸುವ ಹೊತ್ತಿನಲ್ಲಿ ಒಬ್ಬ ಕೇಳಿದ: ಎಲೆಯ ಒಳಗೆ ಏನಾಗುತ್ತದೆ ಅನ್ನುವುದು ಪಾಠ, ನಾವು ಎಲೆಯ ಮುಂದೆ ನಿಂತು ಮಾತಾಡಿದರೆ ಅದು ಕಾಣುತ್ತದಾ? ಕಾಣುವುದಿಲ್ಲ. ಅವರು ಪರದೆಯನ್ನೇ ಬಿಟ್ಟು, ಎಲೆಯ ಒಳಭಾಗದ ಒಂದು ಚಿತ್ರ ಬರೆದು, ಮಾತಿನ ಜೊತೆ ಬಾಣದ ಗುರುತುಗಳು ಒಂದೊಂದಾಗಿ ಬರುವ ಹಾಗೆ ಮಾಡಿದರು.

ಭಿನ್ನರಾಶಿ ಗುಂಪು ಕಾಗದದ ಪಟ್ಟಿಗಳನ್ನು ಸರಿಸುತ್ತಾ ಒಂದೊಂದೇ ಫೋಟೋ ತೆಗೆದು ಅನಿಮೇಷನ್ ಮಾಡಲು ಹೊರಟಿತು. ಸೆಕೆಂಡಿಗೆ 12 ಚಿತ್ರ ಅಂದರೆ 20 ಸೆಕೆಂಡಿಗೆ 240 ಚಿತ್ರ. ಫೋನು ಸ್ವಲ್ಪ ಅಲುಗಿದರೂ ಎಲ್ಲ ಕುಣಿಯುತ್ತದೆ. ಹೊತ್ತು ಸಾಲಲಿಲ್ಲ, ಅವರ ತುಣುಕು ಮುಗಿಯಲೇ ಇಲ್ಲ. ಆದರೆ ಪಟ್ಟಿಗಳನ್ನು ಅಷ್ಟು ಸಲ ಸರಿಸಿದ ಮೇಲೆ, ಅರ್ಧದಲ್ಲಿ ಕಾಲು ಎರಡು ಸಲ ಕೂರುತ್ತದೆ ಅನ್ನುವುದು ನೋಡುವುದಕ್ಕಿಂತ ಕೈಯಲ್ಲಿ ಇಟ್ಟು ನೋಡಿದಾಗ ಬೇಗ ಹೊಳೆಯುತ್ತದೆ ಅಂತ ಅವರಿಗೆ ಅನ್ನಿಸಿತ್ತು. ಶಾಲೆಗೆ ಅವರು ಒಯ್ದದ್ದು ಆ ಪಟ್ಟಿಗಳನ್ನು.

ಕವಿತೆ ಗುಂಪು ಚಿತ್ರವೇ ಬೇಡ ಅಂದಿತು. ಚಿತ್ರ ಕೊಟ್ಟರೆ ಮಗುವಿನ ಮನಸ್ಸಿನಲ್ಲಿ ಮೂಡುವ ಚಿತ್ರಕ್ಕೆ ಜಾಗ ಎಲ್ಲಿ ಅನ್ನುವುದು ಅವರ ವಾದ. ಹಾಗಾದರೆ ಇದು ಮಲ್ಟಿಮೀಡಿಯಾ ಹೇಗಾಗುತ್ತದೆ ಅಂತ ಬೇರೆಯವರು ಕೇಳಿದರು. ಸಂಯೋಜಕಿ ಧ್ವನಿ ಮಾತ್ರ ಇರಲಿ ಅಂತ ಒಪ್ಪಿದರು. ಅಷ್ಟರಲ್ಲಿ, ಕಿವಿ ಸ್ವಲ್ಪ ಕಡಿಮೆ ಕೇಳಿಸುವ ಒಬ್ಬ ವಿದ್ಯಾರ್ಥಿ ಎದ್ದು, ನನಗೆ ಇದರಲ್ಲಿ ಅರ್ಧ ಸಾಲು ಸಿಗಲಿಲ್ಲ, ನನ್ನಂಥ ಮಗು ಇದ್ದರೆ ಏನು ಮಾಡ್ತೀರಿ ಅಂತ ಕೇಳಿದ.

ಆ ದಿನದ ಚರ್ಚೆಗಳಲ್ಲೆಲ್ಲ ಆಳವಾದದ್ದು ಇದು. ಮಾತು ಮತ್ತು ಅದೇ ಮಾತಿನ ಅಕ್ಷರ ಎರಡೂ ಬೇಡ ಅಂತ ಮೇಯರ್ ಅವರ ಪ್ರಯೋಗಗಳು ಹೇಳುತ್ತವೆ ಅಲ್ವಾ, ಹಾಗಾದರೆ ಸಬ್‌ಟೈಟಲ್ ತಪ್ಪಾ? ಖಂಡಿತ ಅಲ್ಲ. ಕಿವಿ ಕೇಳಿಸದವರಿಗೆ ಮಾತಿನ ದಾರಿಯೇ ಮುಚ್ಚಿರುವಾಗ ಅಕ್ಷರವೇ ಆ ದಾರಿ. ಭಾಷೆ ಹೊಸದಾದ ಮಕ್ಕಳಿಗೂ ಅದು ಆಸರೆ. ಸಬ್‌ಟೈಟಲನ್ನು ಚಿತ್ರದ ಮೇಲೆ ಅಚ್ಚು ಹಾಕದೆ ಬೇರೆ ಫೈಲಾಗಿ ಇಟ್ಟರೆ, ಬೇಕಾದವರು ಹಾಕಿಕೊಳ್ಳುತ್ತಾರೆ, ಬೇಡದವರು ತೆಗೆಯುತ್ತಾರೆ. ಚಂದ್ರ ಮತ್ತು ಎಲೆಯ ಗುಂಪುಗಳು ಹಾಗೇ ಮಾಡಿದವು. ಕವಿತೆ ಗುಂಪು ದೊಡ್ಡ ಅಕ್ಷರದಲ್ಲಿ ಕವಿತೆಯ ಹಾಳೆ ತಯಾರಿಸಿತು. ಆ ಪ್ರಶ್ನೆ ಕೇಳುವ ಧೈರ್ಯ ಆ ವಿದ್ಯಾರ್ಥಿಗೆ ಬಂದದ್ದು, ಎಲ್ಲರೂ ಒಂದು ಮೇಜಿನ ಸುತ್ತ ಕೆಲಸ ಮಾಡುತ್ತಿದ್ದರಿಂದ. ಸಾಲಾಗಿ ಕೋಣೆಯಿಂದ ಕೋಣೆಗೆ ಹೋಗುತ್ತಿದ್ದಾಗ ಅವನು ತುಟಿ ಬಿಚ್ಚಿರಲಿಲ್ಲ.

ಶಾಲೆಗಳಲ್ಲಿ

ಕೆಲವು ವಾರಗಳ ನಂತರ ಬೋಧನಾಭ್ಯಾಸ ಶುರುವಾಯಿತು. ಚಂದ್ರನ ವಿಡಿಯೋವನ್ನು ಗುಂಪಿನ ಒಬ್ಬ ವಿದ್ಯಾರ್ಥಿನಿ ಶುರುವಿಂದ ಕೊನೆತನಕ ನಿಲ್ಲಿಸದೆ ತೋರಿಸಿದಳು. ಮಕ್ಕಳಿಗೆ ಖುಷಿಯಾಯಿತು. ಆದರೆ ಚಂದ್ರ ಯಾಕೆ ಅರ್ಧ ಕಾಣುತ್ತಾನೆ ಅಂದಾಗ "ಭೂಮಿಯ ನೆರಳು" ಅನ್ನುವ ಉತ್ತರವೇ ಮತ್ತೆ ಬಂತು. ಅದೇ ವಿಡಿಯೋವನ್ನು ಇನ್ನೊಬ್ಬ ಪ್ರತಿ ಹಂತದಲ್ಲೂ ನಿಲ್ಲಿಸಿ, ಮುಂದೆ ಚಂದ್ರ ಹೇಗೆ ಕಾಣಬಹುದು, ಬರೆದು ತೋರಿಸಿ ಅಂದ. ಮಕ್ಕಳು ತಪ್ಪಾಗಿ ಬರೆದರು, ವಿಡಿಯೋ ನೋಡಿ ತಿದ್ದಿಕೊಂಡರು, ಯಾಕೆ ಅಂತ ಜಗಳವಾಡಿದರು. ಮಾಧ್ಯಮ ತಾನಾಗಿ ಕಲಿಕೆ ಹೆಚ್ಚಿಸುವುದಿಲ್ಲ, ಕಲಿಸುವ ರೀತಿ ಹೆಚ್ಚಿಸುತ್ತದೆ ಅಂತ ರಿಚರ್ಡ್ ಕ್ಲಾರ್ಕ್ 1983ರಲ್ಲಿ ವಾದಿಸಿದ್ದರು. ರಾಬರ್ಟ್ ಕೋಜ್ಮಾ ಅದನ್ನು ಒಪ್ಪದೆ, ಮಾಧ್ಯಮಕ್ಕೂ ಅದರದ್ದೇ ಆದ ಶಕ್ತಿ ಇದೆ ಅಂದರು. ಈ ಎರಡು ತರಗತಿ ನೋಡಿದ ಮೇಲೆ ನಾನು ಕ್ಲಾರ್ಕ್ ಕಡೆಗೆ ವಾಲುತ್ತೇನೆ, ಆದರೂ ಎರಡು ನೋಟ ಒಟ್ಟಿಗೆ ತೋರಿಸುವ ಆ ಪರದೆ ಇಲ್ಲದೆ ಎರಡನೆಯ ಪಾಠವೂ ಅಷ್ಟು ಚೆನ್ನಾಗಿ ಆಗುತ್ತಿರಲಿಲ್ಲ.

ಒಂದು ಶಾಲೆಯಲ್ಲಿ ಪ್ರೊಜೆಕ್ಟರ್ ಕೆಟ್ಟಿತ್ತು. ಅಲ್ಲಿಗೆ ಹೋಗಿದ್ದ ಚಂದ್ರನ ಗುಂಪಿನ ವಿದ್ಯಾರ್ಥಿ ಗಾಬರಿಯಾಗದೆ ಒಂದು ಟಾರ್ಚ್, ಒಂದು ಚೆಂಡು ತರಿಸಿ, ಕಿಟಕಿ ಮುಚ್ಚಿ, ಮಕ್ಕಳ ತಲೆಯನ್ನೇ ಭೂಮಿ ಮಾಡಿ ಪಾಠ ಮುಗಿಸಿದ. ಡೌನ್‌ಲೋಡ್ ಮಾಡಿದ ವಿಡಿಯೋ ಆಗಿದ್ದರೆ ಅವನಿಗೆ ಇದು ಹೊಳೆಯುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಎಲೆ ಗುಂಪಿನ ಕಥೆ ಬೇರೆ. ಕೇಂದ್ರದಲ್ಲಿ ಮಾಡಿದ್ದ ಸರಳ ಚಿತ್ರ ಸಪ್ಪೆ ಅನ್ನಿಸಿ, ಅವರು ಆಮೇಲೆ ಮನೆಯಲ್ಲಿ ಕೂತು ನಗುವ ಎಲೆಯ ಒಂದು ಪಾತ್ರ ಸೇರಿಸಿದರು, ಲವಲವಿಕೆಯ ಸಂಗೀತವನ್ನೂ ಹಾಕಿದರು. ತರಗತಿಯಲ್ಲಿ ಮಕ್ಕಳು ಕೇಳಿದ ಮೊದಲ ಪ್ರಶ್ನೆ, ಆ ಎಲೆಯ ಹೆಸರೇನು? ಇಂಗಾಲದ ಡೈಆಕ್ಸೈಡ್ ಎಲ್ಲಿಂದ ಒಳಗೆ ಹೋಗುತ್ತದೆ ಅಂದರೆ ಯಾರಿಗೂ ನೆನಪಿರಲಿಲ್ಲ. ಮುಂದಿನ ಪಾಠಕ್ಕೆ ಅವರು ಹಳೆಯ ತುಣುಕಿಗೇ ವಾಪಸ್ ಬಂದರು. ನಾವು ಹೇಳಿ ಮಾಡಿಸಿದ್ದಲ್ಲ.

ಕವಿತೆಯನ್ನು ಮಕ್ಕಳು ಕಣ್ಣು ಮುಚ್ಚಿ ಕೇಳಿದರು, ಆಮೇಲೆ ತಮಗೆ ಕಂಡದ್ದನ್ನು ಬರೆದರು.

ಇದರಿಂದ ನಾವು ಏನು ತೆಗೆದುಕೊಂಡೆವು

ನೋಡುವ ಜಾಗಗಳನ್ನು ಕಡಿಮೆ ಮಾಡಿದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ತೀರ್ಮಾನ. ಆದರೆ ಅದು ಕೆಲಸ ಮಾಡಿದ್ದು ಪ್ರತಿ ಗುಂಪಿನ ಕೈಯಲ್ಲೂ ಒಂದು ಪಾಠ ಇದ್ದದ್ದರಿಂದ. ಪಾಠ ಇಲ್ಲದೆ ಫೋನು ಕೊಟ್ಟು ಕೂರಿಸಿದ್ದರೆ ಮಧ್ಯಾಹ್ನವೂ ಫೋಟೋ ತೆಗೆಯುವುದರಲ್ಲೇ ಹೋಗುತ್ತಿತ್ತು. ಹೊರಡುವ ಮೊದಲು ಬರೆದ ಆ ತೆಳುವಾದ ಅರ್ಧ ಪುಟಗಳೂ ವ್ಯರ್ಥವಾಗಲಿಲ್ಲ. ಸಂಯೋಜಕಿ ಸಂಜೆ ಅವುಗಳನ್ನು ವಾಪಸ್ ಕೊಟ್ಟು ಹಿಂಬದಿಯಲ್ಲಿ ಮತ್ತೆ ಬರೆಯಿಸಿದರು. ಮುಂದೆ "ಆಸಕ್ತಿ ಬರುತ್ತದೆ" ಅಂತ ಇದ್ದರೆ, ಹಿಂದೆ "ಎರಡು ನೋಟ ಒಟ್ಟಿಗೆ ಕಾಣಬೇಕು" ಅಂತ ಇತ್ತು. ವರದಿಯ ಬದಲು ಆ ಹಾಳೆಯನ್ನೇ ಅಂಕಕ್ಕೆ ತೆಗೆದುಕೊಂಡೆವು.

ಕೇಂದ್ರದ ಸಿಬ್ಬಂದಿಯ ಜೊತೆ ಮೊದಲೇ ಮಾತಾಡುವುದೂ ಮುಖ್ಯ. ಯಂತ್ರದ ಬಗ್ಗೆ ಹೇಳುವುದನ್ನು ಕಡಿಮೆ ಮಾಡಿ, ನೀವು ಏನನ್ನು ಬಿಟ್ಟುಬಿಡುತ್ತೀರಿ, ಯಾಕೆ ಬಿಡುತ್ತೀರಿ ಅಂತ ಹೇಳಿ ಅಂದರೆ ಅವರ ಬಳಿ ಹೇಳಲು ಬೇಕಾದಷ್ಟಿರುತ್ತದೆ. ನಮಗೆ ಎಡಿಟರ್ ಕೇಳಿದ ಪ್ರಶ್ನೆ ಅದೃಷ್ಟದಿಂದ ಸಿಕ್ಕಿತು. ಮುಂದಿನ ತಂಡಕ್ಕೆ ಅದನ್ನೇ ದಿನದ ಮೊದಲ ಕೆಲಸ ಮಾಡಿದ್ದೇವೆ: ಸ್ಕ್ರಿಪ್ಟಿನ ಹಾಳೆಯನ್ನು ಎರಡು ಅಂಕಣ ಮಾಡಿ, ಎಡಗಡೆ ಕೇಳುವುದು, ಬಲಗಡೆ ಕಾಣುವುದು. ಬಲಗಡೆ ಖಾಲಿ ಇರುವ ಸಾಲನ್ನು ರೆಕಾರ್ಡ್ ಮಾಡುವಂತಿಲ್ಲ, ಖಾಲಿ ಇರುವುದು ಬೇಕೆಂದೇ ಇಟ್ಟದ್ದು ಅಂತ ಕವಿತೆ ಗುಂಪಿನ ಹಾಗೆ ವಾದಿಸಿ ಒಪ್ಪಿಸಿದರೆ ಮಾತ್ರ ಮಾಡಬಹುದು.

ಗ್ಯಾಲರಿಯನ್ನು ಬೇರೊಂದು ದಿನಕ್ಕೆ ಇಟ್ಟಿದ್ದೇವೆ, ಅದಕ್ಕೂ ಒಂದು ಪಾಠ ಕೈಯಲ್ಲಿ ಹಿಡಿದೇ ಹೋಗಬೇಕು. ಸಂಗೀತ ಮತ್ತು ಚಿತ್ರಗಳ ಹಕ್ಕಿನ ಬಗ್ಗೆ, ತರಗತಿಯಲ್ಲಿ ಮಕ್ಕಳ ಮುಖ ಚಿತ್ರಿಸುವ ಮೊದಲು ಹೆತ್ತವರ ಒಪ್ಪಿಗೆ ಪಡೆಯುವ ಬಗ್ಗೆ ಆ ದಿನ ಹೇಳಲು ಹೊತ್ತೇ ಸಿಗಲಿಲ್ಲ. ಇವೆರಡನ್ನೂ ಈಗ ಹೊರಡುವ ವಾರದ ತರಗತಿಗೆ ತಂದಿದ್ದೇವೆ. ಸಬ್‌ಟೈಟಲ್ ಬಗ್ಗೆ ಆ ವಾರ ಮಾತಾಡುವುದು ಅಂದು ಪ್ರಶ್ನೆ ಕೇಳಿದ ವಿದ್ಯಾರ್ಥಿಯೇ, ಅವನೀಗ ಒಂದು ಶಾಲೆಯಲ್ಲಿ ಕಲಿಸುತ್ತಿದ್ದಾನೆ.